ಹಿಮದ ಮೇಲೆ ಮಗ, ಕಿಟಕಿಯ ಬಳಿ ಫೋನು

ಓದುಗರ ಪ್ರಶ್ನೆ, ನಮ್ಮ ಉತ್ತರ

ಸೇನೆಯಲ್ಲಿರುವ ಮಕ್ಕಳ ತಂದೆ-ತಾಯಂದಿರಿಂದ ಕಳೆದ ಕೆಲವು ತಿಂಗಳಲ್ಲಿ ಬಂದ ಪತ್ರಗಳಿಗಾಗಿಯೇ ಈ ಸಂಚಿಕೆಯ ಪ್ರಶ್ನೋತ್ತರವನ್ನು ಮೀಸಲಿಟ್ಟಿದ್ದೇವೆ. ಬರೆದವರ ಹೆಸರು, ಊರು ಮತ್ತು ಮಕ್ಕಳ ಯೂನಿಟ್ಟಿನ ವಿವರಗಳನ್ನು ತೆಗೆದಿದ್ದೇವೆ. ಏಕೆಂಬುದು ಕೆಳಗಿನ ಒಂದು ಉತ್ತರವನ್ನು ಓದಿದಾಗ ತಿಳಿಯುತ್ತದೆ. ಉತ್ತರ ಬರೆಯುತ್ತಿರುವ ನಾನು ಧಾರವಾಡ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ಮಗ ಹದಿನೇಳು ವರ್ಷ ಸೇನೆಯಲ್ಲಿದ್ದು ಈಗ ಊರಿಗೆ ಮರಳಿದ್ದಾನೆ.

ಪ್ರಶ್ನೆ: ನನ್ನ ಮಗನ ಯೂನಿಟ್ಟು ಸಿಯಾಚಿನ್‌ಗೆ ಹೋಗಿ ಎರಡು ತಿಂಗಳು ದಾಟಿತು. ಮೊದಮೊದಲು ವಾರಕ್ಕೆ ಎರಡು ಬಾರಿ ಮಾತನಾಡುತ್ತಿದ್ದ. ಈಗ ಹನ್ನೊಂದು ದಿನಗಳಿಂದ ಒಂದು ಕರೆಯೂ ಇಲ್ಲ. ರಾತ್ರಿ ಎದ್ದು ಕುಳಿತುಬಿಡುತ್ತೇನೆ. ಯಾರನ್ನು ವಿಚಾರಿಸಬೇಕು? ವಿಚಾರಿಸಿದರೆ ಅವನಿಗೇನಾದರೂ ತೊಂದರೆಯಾದೀತೇ? (ಬೆಳಗಾವಿ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ಹನ್ನೊಂದು ದಿನ ಎಂದು ನೀವು ಎಣಿಸಿ ಬರೆದದ್ದನ್ನು ಓದಿದಾಗ ನಮ್ಮ ಅಡುಗೆಮನೆಯ ಕ್ಯಾಲೆಂಡರು ಕಣ್ಣಮುಂದೆ ಬಂತು. ಕರೆ ಬಂದ ದಿನಗಳಿಗೆ ನಾನು ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಪಡಸಾಲೆಯ ಕಿಟಕಿಯಲ್ಲಿ ಮಾತ್ರ. ಫೋನನ್ನು ಅಲ್ಲಿಯೇ ಇಟ್ಟು, ತೆಗೆದು, ಮತ್ತೆ ಇಟ್ಟು ಆ ಕಟ್ಟೆಯ ಮೇಲಿನ ಬಣ್ಣ ಒಂದು ಅಂಗೈಯಷ್ಟು ಅಗಲಕ್ಕೆ ಸವೆದುಹೋಗಿತ್ತು. ಆದ್ದರಿಂದ ನಿಮಗೆ ಧೈರ್ಯದಿಂದಿರಿ ಎಂದಷ್ಟೇ ಬರೆದು ಮುಗಿಸಲಾರೆ. ಅಲ್ಲಿ ಏನು ನಡೆಯುತ್ತದೆ ಎಂಬುದು ತಿಳಿದರೆ ಈ ಕಾಯುವಿಕೆಯ ಭಾರ ಸ್ವಲ್ಪವಾದರೂ ಇಳಿಯುತ್ತದೆ ಎಂಬುದು ನನ್ನ ಅನುಭವ. ಅದಕ್ಕಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೇನೆ 1984ರ ಏಪ್ರಿಲ್ 13ರಿಂದ, ಅಂದರೆ ಆಪರೇಷನ್ ಮೇಘದೂತ್ ಆರಂಭವಾದ ದಿನದಿಂದ, ನೆಲೆ ನಿಂತಿದೆ. ಅಲ್ಲಿಗೆ ಹೋಗುವ ಯಾವ ಸೈನಿಕನನ್ನೂ ನೇರವಾಗಿ ಮೇಲಿನ ಪೋಸ್ಟಿಗೆ ಕಳುಹಿಸುವುದಿಲ್ಲ. ತೆಳುವಾದ ಗಾಳಿಗೆ ದೇಹ ಒಗ್ಗಿಕೊಳ್ಳಲೆಂದು ಮೊದಲು 9,000ದಿಂದ 12,000 ಅಡಿ ಎತ್ತರದಲ್ಲಿ ಆರು ದಿನ, ಅನಂತರ 15,000 ಅಡಿಯವರೆಗಿನ ಎತ್ತರದಲ್ಲಿ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ನಿಲ್ಲಿಸುತ್ತಾರೆ. ಬೇಸ್ ಕ್ಯಾಂಪಿನ ಬಳಿಯ ತರಬೇತಿ ಶಾಲೆಯಲ್ಲಿ ಹಿಮದ ಗೋಡೆ ಹತ್ತುವುದನ್ನೂ, ಬಿರುಕಿಗೆ ಬಿದ್ದವನನ್ನು ಮೇಲೆತ್ತುವುದನ್ನೂ ಕಲಿಸುತ್ತಾರೆ. ಆಮೇಲೆ ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು, ಕ್ಯಾಂಪಿನಿಂದ ಕ್ಯಾಂಪಿಗೆ ನಡೆಯುತ್ತ ಮೇಲೇರುತ್ತಾರೆ. ಪೋಸ್ಟಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳು ಇರಬೇಕಾಗುತ್ತದೆ. ನಿಮ್ಮ ಮಗ ಮೊದಲು ವಾರಕ್ಕೆರಡು ಬಾರಿ ಮಾತನಾಡಿ ಆಮೇಲೆ ನಿಲ್ಲಿಸಿದ್ದಾನೆ ಎಂದರೆ, ನನ್ನ ಅಂದಾಜಿನಲ್ಲಿ ಅವನು ಕೆಳಗಿನಿಂದ ಮೇಲಕ್ಕೆ ಹೋಗಿದ್ದಾನೆ. ಕೆಲವೆಡೆ ಈಗ ಮೊಬೈಲ್ ಟವರುಗಳು ಬಂದಿವೆಯಾದರೂ ಎಲ್ಲ ಪೋಸ್ಟುಗಳಿಗೂ ಅವು ಎಟುಕುವುದಿಲ್ಲ. ಗಾಳಿ ಎದ್ದರೆ ದಿನಗಟ್ಟಲೆ ಹೆಲಿಕಾಪ್ಟರು ಹಾರುವುದಿಲ್ಲ. ಚಳಿಗೆ ಬ್ಯಾಟರಿಗಳು ಸಾಯುತ್ತವೆ. ಇರುವ ಒಂದು ಫೋನಿನಲ್ಲಿ ಎಲ್ಲರೂ ಸರದಿಯ ಮೇಲೆ ಮಾತನಾಡಬೇಕು. 2003ರ ನವೆಂಬರಿನಲ್ಲಿ ಅಲ್ಲಿ ಕದನವಿರಾಮ ಬಂದ ಮೇಲೆ ನಮ್ಮವರು ಹೋರಾಡುತ್ತಿರುವುದು ಮುಖ್ಯವಾಗಿ ಹವೆಯೊಡನೆ, ಮತ್ತು ಕರೆ ನಿಲ್ಲುವುದಕ್ಕೂ ಹೆಚ್ಚಿನ ಸಲ ಹವೆಯೇ ಕಾರಣ.

ಅಪಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಪೋಸ್ಟಿನ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಆಗ ನನ್ನ ಮಗ ಅದೇ ಹಿಮನದಿಯ ಬೇರೊಂದು ಪೋಸ್ಟಿನಲ್ಲಿ, ಬೇರೆ ಯೂನಿಟ್ಟಿನಲ್ಲಿದ್ದ. ಯೂನಿಟ್ಟು ಬೇರೆ ಎಂಬುದು ಗೊತ್ತಿದ್ದರೂ, ಟಿ.ವಿ.ಯಲ್ಲಿ ಸಿಯಾಚಿನ್ ಎಂಬ ಒಂದು ಶಬ್ದ ಕೇಳಿದ ಮೇಲೆ ನನ್ನ ತಿಳಿವಳಿಕೆ ನನ್ನ ಕೈಯಲ್ಲಿ ಉಳಿಯಲಿಲ್ಲ. ಐದು ದಿನ ಫೋನಿಲ್ಲ. ಆರನೆಯ ದಿನ ಮಧ್ಯಾಹ್ನ ಬಂದ ಕರೆ ಅರ್ಧ ನಿಮಿಷದ್ದು: "ಅವ್ವಾ, ನಾ ಬ್ಯಾರೆ ಕಡೆ ಅದೀನಿ, ಆರಾಮ ಅದೀನಿ." ಅಷ್ಟರಲ್ಲಿ ಕಡಿದುಹೋಯಿತು. ಅದೇ ದಿನ ರಾತ್ರಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಹಿಮದಡಿಯಲ್ಲಿ ಜೀವಂತ ಸಿಕ್ಕರು. ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಅವರು ತೀರಿಕೊಳ್ಳುವವರೆಗೂ ನಮ್ಮ ಜಿಲ್ಲೆಯ ಗುಡಿ, ದರ್ಗಾ, ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯಿತು. ನನ್ನ ಮಗನ ಕರೆ ಬಂದ ಸಂತೋಷವನ್ನು ನಾನು ಯಾರ ಮುಂದೆಯೂ ಆಡಲಿಲ್ಲ. ಇನ್ನೊಬ್ಬ ತಾಯಿಯ ಮನೆ ಅಷ್ಟು ಹತ್ತಿರದಲ್ಲಿತ್ತು.

ಇನ್ನು ಯಾರನ್ನು ಕೇಳಬೇಕೆಂಬ ಮಾತು. ಯೂನಿಟ್ಟು ಮೇಲೆ ಹೋದಾಗಲೂ ಅದರ ಒಂದು ಭಾಗ ಕೆಳಗೆ ಇದ್ದೇ ಇರುತ್ತದೆ. ಆ ಕಚೇರಿಯ ನಂಬರನ್ನು ಮಗ ನಿಮಗೆ ಕೊಟ್ಟಿರಬಹುದು, ಇಲ್ಲವೇ ಅದೇ ಯೂನಿಟ್ಟಿನ ಬೇರೆ ಹುಡುಗರ ಮನೆಯವರ ಬಳಿ ಸಿಗಬಹುದು. ಅಲ್ಲಿಗೆ ಒಮ್ಮೆ ಕರೆಮಾಡಿ, ಮಗನ ಆರ್ಮಿ ನಂಬರು, ಹುದ್ದೆ, ಹೆಸರು ಹೇಳಿ, "ಹುಡುಗ ಹೇಗಿದ್ದಾನೆ, ಮನೆಗೆ ಒಂದು ಮಾತು ತಿಳಿಸಲಿ" ಎಂದಷ್ಟೇ ಕೇಳಿ. ಎಲ್ಲಿದ್ದಾನೆ, ಯಾವಾಗ ಇಳಿಯುತ್ತಾನೆ ಎಂದು ಕೇಳಬೇಡಿ. ಅದನ್ನು ಅವರು ಹೇಳುವಂತಿಲ್ಲ. ಇದರಿಂದ ಮಗನಿಗೆ ಯಾವ ತೊಂದರೆಯೂ ಆಗುವುದಿಲ್ಲ. ತಾಯಿ ವಿಚಾರಿಸಿದಳೆಂದು ಸುಬೇದಾರರು ಅವನನ್ನು ಕರೆದು ಬುದ್ಧಿ ಹೇಳಿಯಾರು, ಹೇಳಲಿ. ನಂಬರು ಸಿಗದಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅದು ನಿವೃತ್ತರಿಗಷ್ಟೇ ಇರುವ ಕಚೇರಿಯೆಂದು ಬಹಳ ಮಂದಿ ತಿಳಿದಿದ್ದಾರೆ. ಸೇವೆಯಲ್ಲಿರುವವರ ಮನೆಯವರ ಅಹವಾಲನ್ನೂ ಕೇಳುವುದು ಅದರ ಕೆಲಸ.

ಮತ್ತು ಒಂದು ಕಾಗದ ಬರೆಯಿರಿ. ಯೂನಿಟ್ಟಿನ ಹೆಸರು, ಕೆಳಗೆ "ಕೇರಾಫ್ 56 ಎ.ಪಿ.ಓ." ಎಂಬ ವಿಳಾಸ ನಿಮ್ಮಲ್ಲಿ ಇದ್ದೇ ಇರುತ್ತದೆ. ಊರಿನ ಹೆಸರಿಲ್ಲದ ಆ ವಿಳಾಸಕ್ಕೆ ಹಾಕಿದ ಕಾಗದ ದಿಲ್ಲಿಯ ಸೇನಾ ಅಂಚೆಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಯೂನಿಟ್ಟು ಇರುವ ಕಡೆಗೆ ತಲುಪುತ್ತದೆ. ಫೋನು ಬಂದ ಮೇಲೆ ಕಾಗದವೇಕೆಂದು ನನ್ನ ಮಗನೂ ಮೊದಲು ಹೇಳುತ್ತಿದ್ದ. ಆದರೆ ಗ್ಲೇಸಿಯರ್ ಡ್ಯೂಟಿ ಮುಗಿಸಿ ಬಂದಾಗ ಅವನ ಟ್ರಂಕಿನಲ್ಲಿ ನನ್ನ ಒಂಬತ್ತು ಇನ್‌ಲ್ಯಾಂಡ್ ಪತ್ರಗಳಿದ್ದವು; ಮಡಿಕೆಯ ಗೆರೆಗಳಲ್ಲಿ ಹರಿದು, ಸೀಮೆಎಣ್ಣೆಯ ವಾಸನೆ ಹಿಡಿದಿದ್ದವು.

ಪ್ರಶ್ನೆ: ಮೂರು ತಿಂಗಳ ಹಿಂದೆ ನನ್ನ ಯಜಮಾನರಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿದೆವು. ಅರುಣಾಚಲದ ಗಡಿಯಲ್ಲಿರುವ ಮಗನಿಗೆ ಹೇಳಿಲ್ಲ. ಇದರ ಮೇಲೆ ದಾಯಾದಿಗಳು ಹೊಲದ ಬದುವಿನ ಬಗ್ಗೆ ಕೋರ್ಟಿಗೆ ಹೋಗಿದ್ದಾರೆ; ಅದನ್ನೂ ಹೇಳಿಲ್ಲ. ಅಲ್ಲಿ ಅವನ ಮನಸ್ಸು ಕೆಡಬಾರದು ಎಂಬುದಷ್ಟೇ ನಮ್ಮ ಉದ್ದೇಶ. ನಾವು ಮಾಡಿದ್ದು ಸರಿಯೇ? (ಗದಗ ಜಿಲ್ಲೆ)

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದು, ಆದರೆ ಮಾಡಿದ್ದು ಸರಿಯಲ್ಲ. ಇಷ್ಟು ನೇರವಾಗಿ ಹೇಳಲು ಕಾರಣವಿದೆ. ಇದೇ ತಪ್ಪನ್ನು ನಾನೂ ಮಾಡಿದ್ದೆ.

ಮಗ ಜಮ್ಮುವಿನ ಕಡೆ ಇದ್ದಾಗ ಅವನ ತಂದೆ ಅಟ್ಟದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಂದೂವರೆ ತಿಂಗಳು ನಾನು ಫೋನಿನಲ್ಲಿ "ಅಪ್ಪಾರು ಹೊಲಕ್ಕ ಹೋಗ್ಯಾರ", "ಮಲಗ್ಯಾರ" ಎಂದು ಹೇಳುತ್ತಿದ್ದೆ. ಓಣಿಯ ಹುಡುಗನೊಬ್ಬ ಮೊಬೈಲಿನಲ್ಲಿ "ಅಪ್ಪನಿಗೆ ಈಗ ಹೇಗಿದೆ?" ಎಂದು ಅವನನ್ನೇ ಕೇಳಿದಾಗ ವಿಷಯ ತಿಳಿಯಿತು. ಆ ರಾತ್ರಿ ಮಗ ಸಿಟ್ಟು ಮಾಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ: "ಅವ್ವಾ, ಇನ್ನ ಮ್ಯಾಲೆ ನೀ ಆರಾಮ ಅದೀವಿ ಅಂದ್ರ ನಾ ಹೆಂಗ ನಂಬಲಿ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ದೂರದಲ್ಲಿರುವವನಿಗೆ ಮನೆಯ ಬಗ್ಗೆ ಇರುವ ಆಧಾರ ನಮ್ಮ ಬಾಯಿಮಾತು ಒಂದೇ. ಅದು ಒಮ್ಮೆ ಸುಳ್ಳಾಯಿತೆಂದರೆ, ಆಮೇಲೆ ನಿಜವಾಗಿಯೂ ಎಲ್ಲ ನೆಟ್ಟಗಿದ್ದಾಗಲೂ ಅವನು ನಮ್ಮ ದನಿಯ ಏರಿಳಿತದಲ್ಲಿ ಕಾಯಿಲೆಯನ್ನು ಹುಡುಕುತ್ತಾನೆ. ಅಷ್ಟೇ ಅಲ್ಲ, ನಾವು ಮುಚ್ಚಿಟ್ಟರೆ ಅವನೂ ಮುಚ್ಚಿಡಲು ಕಲಿಯುತ್ತಾನೆ. ಅಲ್ಲಿಂದ ಮುಂದೆ ಫೋನು ಬಂದರೂ ಎರಡೂ ಕಡೆಯವರು ಮಾತನಾಡಿದಂತೆ ಆಗುವುದಿಲ್ಲ.

ಹೇಳುವ ರೀತಿಯೊಂದಿದೆ. ಅವನು ಗಸ್ತಿಗೆ ಹೊರಟು ನಿಂತ ಗಳಿಗೆಯಲ್ಲಿ ಹೇಳಬೇಕಿಲ್ಲ. ನಾಲ್ಕು ದಿನ ತಡೆದು, ಅವನು ಬಿಡುವಾಗಿರುವುದನ್ನು ಕೇಳಿಕೊಂಡು ಹೇಳಿದರೆ ಅದು ಮುಚ್ಚಿಟ್ಟಂತಲ್ಲ. ಹೇಳುವಾಗ ಎಲ್ಲವನ್ನೂ ಒಂದೇ ಸಲ ಹೇಳಿ: ಏನಾಯಿತು, ಡಾಕ್ಟರು ಏನೆಂದರು, ಈಗ ಯಾವ ಮಾತ್ರೆ ನಡೆಯುತ್ತಿದೆ, ಜೊತೆಯಲ್ಲಿ ಯಾರಿದ್ದಾರೆ, ಅವನು ಬರಬೇಕೋ ಬೇಡವೋ. ಕೊನೆಯದನ್ನು ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಾದರೆ ನಿಮ್ಮ ಯಜಮಾನರೇ ಫೋನು ಹಿಡಿದು ಮಾತನಾಡಲಿ. ತಂದೆಯ ದನಿ ಕೇಳಿದರೆ ಮಗನ ಅರ್ಧ ಆತಂಕ ಅಲ್ಲಿಯೇ ಕರಗುತ್ತದೆ.

ಹೇಳದೆ ಇರುವುದರಿಂದ ನಿಮಗೆ ನಷ್ಟವೂ ಆಗಿದೆ. ಸೈನಿಕನ ಮೇಲೆ ಅವಲಂಬಿತರಾದ ತಂದೆ-ತಾಯಿಗೆ ಸೇನಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುವ ಹಕ್ಕಿದೆ. ಬೆಳಗಾವಿಯಲ್ಲಿಯೂ ಬೆಂಗಳೂರಿನಲ್ಲಿಯೂ ಅಂಥ ಆಸ್ಪತ್ರೆಗಳಿವೆ. ಆದರೆ ಅದಕ್ಕೆ ಆದಾಯದ ಮಿತಿಯಿದೆ, ಮತ್ತು ನಿಮ್ಮಿಬ್ಬರ ಹೆಸರುಗಳು ಅವನ ಸೇವಾ ದಾಖಲೆಯಲ್ಲಿ ಅವಲಂಬಿತರೆಂದು ನಮೂದಾಗಿರಬೇಕು. ಸೈನಿಕರು ಇದನ್ನು "ಪಾರ್ಟ್ ಟೂ ಆರ್ಡರ್" ಎನ್ನುತ್ತಾರೆ. ಈ ಕೆಲಸವನ್ನು ಮಗನೇ ತನ್ನ ಯೂನಿಟ್ಟಿನಲ್ಲಿ ಮಾಡಿಸಬೇಕು. ಮುಂದಿನ ಕರೆಯಲ್ಲಿ ಇದನ್ನು ವಿಚಾರಿಸಿ. ಆಸ್ಪತ್ರೆಯ ಕಾಗದಗಳ ಪ್ರತಿಗಳನ್ನು ಕಳುಹಿಸಿದರೆ ರಜೆ ಕೇಳುವುದಕ್ಕೂ ಅವನಿಗೆ ಆಧಾರ ಸಿಗುತ್ತದೆ.

ಹೊಲದ ವಿಷಯವನ್ನಂತೂ ಇವತ್ತೇ ತಿಳಿಸಿ. ಸೈನಿಕನೊಬ್ಬ ಮನೆಯ ಜಮೀನಿನ ತೊಂದರೆಯನ್ನು ತನ್ನ ಕಮಾಂಡಿಂಗ್ ಅಧಿಕಾರಿಗೆ ಬರೆದುಕೊಟ್ಟರೆ, ಅವರು ಜಿಲ್ಲಾಧಿಕಾರಿಗೆ ಅಥವಾ ಪೊಲೀಸ್ ವರಿಷ್ಠಾಧಿಕಾರಿಗೆ ಪತ್ರ ಬರೆಯುವ ರೂಢಿ ಹಳೆಯದು. ಅದಕ್ಕೆ ಬೆಲೆಯೂ ಇದೆ. ಜಮೀನು ಮಗನ ಹೆಸರಿನಲ್ಲಿದ್ದು ಅವನೇ ಪ್ರತಿವಾದಿಯಾಗಿದ್ದರೆ, 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಎಂಬುದೊಂದಿದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನು ಕೋರ್ಟಿಗೆ ಬರಲಾಗದಿದ್ದಾಗ ಅವನ ಬೆನ್ನ ಹಿಂದೆ ತೀರ್ಪು ಆಗದಂತೆ ಅದು ಕಾಪಾಡುತ್ತದೆ. ಅದಕ್ಕೆ ಸೇನೆಯಿಂದ ಪ್ರಮಾಣಪತ್ರ ಬೇಕು, ಅದನ್ನೂ ಮಗನೇ ತರಿಸಬೇಕು. ಜಮೀನು ತಂದೆಯ ಹೆಸರಿನಲ್ಲಿದ್ದರೆ ಈ ಕಾಯ್ದೆ ನೆರವಿಗೆ ಬಾರದು. ಆಗ ನಿಮ್ಮ ವಕೀಲರೇ ಗತಿ.

ಪ್ರಶ್ನೆ: ಕಳೆದ ತಿಂಗಳು ಮಗ ರಜೆ ಮುಗಿಸಿ ಕಾಶ್ಮೀರಕ್ಕೆ ಹೊರಟಾಗ ಬಸ್ ನಿಲ್ದಾಣದಲ್ಲಿ ನಾನು ಅತ್ತುಬಿಟ್ಟೆ. ಊರಿನ ಹಿರಿಯರೊಬ್ಬರು "ಯೋಧನ ತಂದೆ ಹೀಗೆ ಅಳುವುದೇ? ಕಾರ್ಯಪ್ಪನವರನ್ನು ನೋಡಿ ಕಲಿ" ಎಂದರು. ಅಂದಿನಿಂದ ಮನಸ್ಸಿಗೆ ಕಸಿವಿಸಿ. (ಕೊಡಗು ಜಿಲ್ಲೆಯ ಒಬ್ಬ ತಂದೆ)

ಉತ್ತರ: ನಿಮ್ಮ ಹಿರಿಯರು ಹೇಳಿದ ಪ್ರಸಂಗ ನಿಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. 1965ರ ಯುದ್ಧದ ಕೊನೆಯ ಹೊತ್ತಿನಲ್ಲಿ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಅವರು ಹಾರಿಸುತ್ತಿದ್ದ ಹಂಟರ್ ವಿಮಾನ ಪಾಕಿಸ್ತಾನದ ಗುಂಡಿಗೆ ಸಿಲುಕಿ, ಅವರು ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುಗಡೆ ಮಾಡಲು ಸಿದ್ಧ ಎಂಬ ಸೂಚನೆ ಅವರಿಂದ ಬಂದಾಗ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಒಬ್ಬನಿಗಾಗಿ ವಿಶೇಷ ರಿಯಾಯಿತಿ ಬೇಡ ಎಂಬರ್ಥದಲ್ಲಿ ಕಾರ್ಯಪ್ಪನವರು ಉತ್ತರಿಸಿದರು. ಮಗ ಮುಂದೆ ಉಳಿದ ಸೆರೆಯಾಳುಗಳಂತೆಯೇ ಮರಳಿ ಬಂದು, ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಇದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಈ ಪ್ರಸಂಗದಲ್ಲಿ ಅಳಬಾರದೆಂಬ ಮಾತು ಎಲ್ಲಿದೆ? ಅವರು ನಿರಾಕರಿಸಿದ್ದು ತಮ್ಮ ಮಗನಿಗೆ ಬೇರೆಯವರ ಮಕ್ಕಳಿಗಿಲ್ಲದ ಸವಲತ್ತನ್ನು. ಮನೆಯ ಒಳಕೋಣೆಯಲ್ಲಿ ಆ ತಂದೆ ಆ ರಾತ್ರಿಗಳನ್ನು ಹೇಗೆ ಕಳೆದರೋ ನಮಗಾರಿಗೂ ಕಾಣಿಸಿಲ್ಲ. ನೀವು ಮಗನನ್ನು ತಡೆಯಲಿಲ್ಲ, ಹೋಗಬೇಡವೆನ್ನಲಿಲ್ಲ, ಅವನ ಪೋಸ್ಟಿಂಗ್ ಬದಲಿಸಿಕೊಡಿ ಎಂದು ಯಾರ ಬಾಗಿಲನ್ನೂ ತಟ್ಟಲಿಲ್ಲ. ಬಸ್ಸು ಹೊರಟಾಗ ಅತ್ತಿರಿ. ಮಗ ಅದನ್ನು ನೋಡಿದ್ದರೆ, ತನ್ನ ತಂದೆಗೆ ತಾನೆಂದರೆ ಎಷ್ಟು ಎಂಬುದು ಅವನಿಗೆ ತಿಳಿದಿರುತ್ತದೆ. ಗಂಡುಮಕ್ಕಳಿಗೆ ಅದು ತಂದೆಯ ಬಾಯಿಂದ ತಿಳಿಯುವುದು ಬಹಳ ಅಪರೂಪ. ಮುಂದಿನ ಕರೆಯಲ್ಲಿ ಅವನೇನಾದರೂ ಆ ಮಾತೆತ್ತಿದರೆ, ಹೌದಪ್ಪಾ, ಅಳು ಬಂತು ಎಂದು ಹೇಳಿಬಿಡಿ.

ಪ್ರಶ್ನೆ: ಮಗ ಸಮವಸ್ತ್ರದಲ್ಲಿ ತೆಗೆಸಿಕೊಂಡ ಫೋಟೊವನ್ನು ನಾನು ಸ್ಟೇಟಸ್ಸಿಗೆ ಹಾಕಿದೆ, ಯಾವ ಊರಿಗೆ ಪೋಸ್ಟಿಂಗ್ ಎಂದೂ ಬರೆದೆ. ಅವನು ಫೋನಿನಲ್ಲಿ ಬಹಳ ಬೈದ. ಹೆಮ್ಮೆಪಡುವುದೂ ತಪ್ಪೇ? (ಹಾಸನ ಜಿಲ್ಲೆ)

ಉತ್ತರ: ಹೆಮ್ಮೆ ತಪ್ಪಲ್ಲ, ಊರಿನ ಹೆಸರು ತಪ್ಪು. ದಯವಿಟ್ಟು ಇವತ್ತೇ ಅಳಿಸಿ. 2020ರ ಜುಲೈನಲ್ಲಿ ಸೇನೆ ತನ್ನವರೆಲ್ಲರ ಮೊಬೈಲಿನಿಂದ ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆಸಿತು. ಹಗೆಯವರು ಇಂಥ ಚಿತ್ರ, ಬರಹಗಳನ್ನು ಜೋಡಿಸಿ ಯಾವ ಯೂನಿಟ್ಟು ಎಲ್ಲಿದೆ ಎಂದು ಪತ್ತೆಹಚ್ಚುತ್ತಾರೆ. ಮಗನ ಮೊಬೈಲಿನಲ್ಲಿ ಇಲ್ಲದ್ದು ತಾಯಿಯ ಮೊಬೈಲಿನಲ್ಲಿ ಸಿಕ್ಕಿದರೆ ಆ ನಿಷೇಧದಿಂದ ಏನು ಬಂತು? ಹಾಗೆಯೇ, ಕಚೇರಿಯಿಂದ ಮಾತನಾಡುತ್ತಿದ್ದೇವೆ ಎಂದು ಯಾರಾದರೂ ಕರೆಮಾಡಿ ಅವನ ನಂಬರು, ಯೂನಿಟ್ಟು ಕೇಳಿದರೆ ಹೇಳಬೇಡಿ. ಅವನ ಕಚೇರಿಗೆ ಅವೆಲ್ಲ ಗೊತ್ತೇ ಇರುತ್ತವೆ. ಫೋಟೊವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿ. ಬಂದವರೆಲ್ಲ ನೋಡಲಿ.

ಪ್ರಶ್ನೆ: 2025ರ ಮೇ ತಿಂಗಳಿನ ಆ ನಾಲ್ಕು ದಿನ ನಾವು ಟಿ.ವಿ. ಆರಿಸಲೇ ಇಲ್ಲ. ಮಗ ರಾಜಸ್ಥಾನದ ಗಡಿಯಲ್ಲಿದ್ದ. ಈಗಲೂ ಬ್ರೇಕಿಂಗ್ ನ್ಯೂಸ್ ಎಂಬ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. (ವಿಜಯಪುರ ಜಿಲ್ಲೆಯ ದಂಪತಿ)

ಉತ್ತರ: ಮೇ 7ರಂದು ಆಪರೇಷನ್ ಸಿಂಧೂರ ಆರಂಭವಾದಾಗಿನಿಂದ 10ರ ಸಂಜೆಯವರೆಗೆ ಗಡಿಯಲ್ಲಿ ಮಕ್ಕಳಿದ್ದ ಯಾವ ಮನೆಯಲ್ಲಿಯೂ ಯಾರೂ ನೆಟ್ಟಗೆ ಊಟ ಮಾಡಿರಲಾರರು. ಆ ರಾತ್ರಿಗಳಲ್ಲಿ ನಡೆಯದೇ ಇದ್ದ ದಾಳಿಗಳನ್ನು ನಡೆದವೆಂದು ಕೆಲವು ವಾಹಿನಿಗಳು ಕೂಗಿ ಹೇಳಿದವು. ಸೇನಾ ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡಬೇಡಿ ಎಂದು ರಕ್ಷಣಾ ಸಚಿವಾಲಯವೇ ಮಾಧ್ಯಮಗಳಿಗೆ ಸೂಚಿಸಬೇಕಾಯಿತು. ತಂದೆ-ತಾಯಿಯ ಜೀವ ಬಾಯಿಗೆ ಬಂದಿರುವಾಗ ಖಚಿತವಲ್ಲದ್ದನ್ನು ಸುದ್ದಿಯೆಂದು ಹೇಳುವುದು ಕ್ರೌರ್ಯ ಎಂದೇ ನನ್ನ ಅಭಿಪ್ರಾಯ.

ಒಂದು ಮಾತು ನೆನಪಿಡಿ. ಮಗನಿಗೆ ಸಂಬಂಧಿಸಿದ ಯಾವುದೇ ಸುದ್ದಿ ನಿಮಗೆ ಮೊದಲು ಬರಬೇಕಾದದ್ದು ಅವನ ಯೂನಿಟ್ಟಿನಿಂದ. ಮನೆಯವರಿಗೆ ತಿಳಿಸುವ ಮೊದಲು ಸೇನೆ ಹೆಸರನ್ನು ಹೊರಗೆ ಹೇಳುವುದಿಲ್ಲ. ಹಾಗಾಗಿ ಟಿ.ವಿ.ಯ ಮುಂದೆ ಕಾವಲು ಕೂತರೆ ನಿಮಗೆ ತಿಳಿಯಬೇಕಾದದ್ದು ಅಲ್ಲಿಂದ ತಿಳಿಯುವುದಿಲ್ಲ. ಬೆಳಿಗ್ಗೆ ಒಮ್ಮೆ ಪತ್ರಿಕೆ, ಸಂಜೆ ಒಮ್ಮೆ ರೇಡಿಯೊ ಸಾಕು. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಇಷ್ಟು ದಿನವಾದರೂ ನಿಂತಿಲ್ಲವೆಂದರೆ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ಮಗ ಅಗ್ನಿವೀರನಾಗಿ ಸೇರಿದ್ದಾನೆ. ಗಡಿಯ ಚಿಂತೆ ಒಂದು ಕಡೆ. ನಾಲ್ಕು ವರ್ಷ ಮುಗಿದ ಮೇಲೆ ಏನು ಎಂಬ ಚಿಂತೆ ಇನ್ನೊಂದು ಕಡೆ. ನನಗೆ ಎರಡನೆಯದೇ ಹೆಚ್ಚು ಎನಿಸುತ್ತದೆ, ಹಾಗೆನ್ನಲು ನಾಚಿಕೆಯಾಗುತ್ತದೆ. (ಬಾಗಲಕೋಟೆ ಜಿಲ್ಲೆಯ ಒಬ್ಬ ರೈತ)

ಉತ್ತರ: ನಾಚಿಕೆ ಬೇಡ. ನನ್ನ ಮಗ ಸೇರಿದ ಕಾಲದಲ್ಲಿ ಹದಿನೈದು ವರ್ಷ ದುಡಿದರೆ ಪಿಂಚಣಿ ಎಂಬ ಭರವಸೆ ನಮಗಿತ್ತು; ಆ ಧೈರ್ಯದ ಮೇಲೆ ನಾವು ಉಳಿದ ಭಯಗಳನ್ನು ತಡೆದುಕೊಂಡೆವು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಆ ಭರವಸೆಯಿಲ್ಲ. ತರಬೇತಿಯೂ ಸೇರಿ ನಾಲ್ಕು ವರ್ಷದ ಸೇವೆ. ಆಮೇಲೆ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಉಳಿದವರಿಗೆ ಸೇವಾನಿಧಿಯಾಗಿ ಸುಮಾರು 10.04 ಲಕ್ಷ ರೂಪಾಯಿ ಮತ್ತು ಅದರ ಬಡ್ಡಿ ಸಿಗುತ್ತದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷ ರೂಪಾಯಿಯ ವಿಮೆಯಿದೆ, ಅದಕ್ಕೆ ಅವನ ಸಂಬಳದಿಂದ ಕಡಿತವಿಲ್ಲ. ರಜೆ ವರ್ಷಕ್ಕೆ 30 ದಿನ.

ನಾಲ್ಕು ವರ್ಷ ಮುಗಿಯುವವರೆಗೆ ಕಾಯದೆ ಈಗಿನಿಂದಲೇ ಅವನೊಡನೆ ಈ ಮಾತನ್ನು ಆಡಿ. ಹತ್ತನೆಯ ತರಗತಿಯ ಮೇಲೆ ಸೇರಿದ್ದರೆ ಪಿ.ಯು.ಸಿ.ಗೆ ಸಮಾನವಾದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ, ಅದನ್ನು ಬಿಡದಿರಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇಕಡಾ 10ರಷ್ಟು ಮೀಸಲನ್ನು 2022ರಲ್ಲಿಯೇ ಪ್ರಕಟಿಸಿದ್ದಾರೆ. ಸೇವಾನಿಧಿ ಬರುತ್ತದೆಂದು ಈಗಲೇ ಸಾಲ ಮಾಡಿ ಮನೆ ಕಟ್ಟಲು, ತಂಗಿಯ ಮದುವೆ ಮಾಡಲು ಹೊರಡಬೇಡಿ. ಅದು ಇಪ್ಪತ್ತೈದರೊಳಗಿನ ಹುಡುಗನೊಬ್ಬ ಎರಡನೆಯ ಸಲ ಬದುಕು ಕಟ್ಟಲು ಬೇಕಾದ ಬಂಡವಾಳ. ಕಾಯಂ ಆಗದೆ ಮರಳಿದರೆ ಊರಿನಲ್ಲಿ ಜನ ಏನಾದರೂ ಅಂದಾರು. ಆಗ ಅವನ ಪರವಾಗಿ ಮೊದಲು ಮಾತನಾಡಬೇಕಾದವರು ನೀವು.

ಪ್ರಶ್ನೆ: ಹನ್ನೊಂದು ತಿಂಗಳ ಮೇಲೆ ಮಗ ರಜೆಗೆ ಬಂದಿದ್ದಾನೆ. ಎತ್ತರದ ಪ್ರದೇಶದಲ್ಲಿದ್ದು ಬಂದವನು. ಮಾತು ಕಡಿಮೆ, ಮಾಳಿಗೆಯ ಮೇಲೆ ಒಬ್ಬನೇ ಕೂರುತ್ತಾನೆ. ನೆಂಟರ ಮನೆಗೆ ಬಾ ಎಂದರೆ ಒಲ್ಲೆ ಎನ್ನುತ್ತಾನೆ. ಕೇಳಿದರೆ "ಏನಿಲ್ಲ ಅವ್ವ" ಎಂಬ ಒಂದೇ ಉತ್ತರ. ಏನು ಮಾಡಲಿ? ಹೊರಡುವ ದಿನ ರೈಲು ನಿಲ್ದಾಣಕ್ಕೆ ಹೋಗಲೋ ಬೇಡವೋ ಎಂಬುದೂ ತಿಳಿಯದಾಗಿದೆ. (ಧಾರವಾಡ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದು ಇದಕ್ಕೆ ಉತ್ತರಿಸುವುದು ನನಗೆ ಎಲ್ಲಕ್ಕಿಂತ ಕಷ್ಟವೆಂದು.

2016ರ ಬೇಸಿಗೆಯಲ್ಲಿ ನನ್ನ ಮಗ ಗ್ಲೇಸಿಯರಿನಿಂದ ಇಳಿದು ಎರಡು ತಿಂಗಳ ರಜೆಗೆ ಬಂದ. ಮೂಗಿನ ತುದಿ ಮತ್ತು ಕೆನ್ನೆಯ ಚರ್ಮ ಸುಟ್ಟಂತೆ ಕಪ್ಪಾಗಿತ್ತು. ಮೈ ಇಳಿದಿತ್ತು. ಅವನಿಗೆಂದು ಶೇಂಗಾ ಹೋಳಿಗೆ ಮಾಡಿದ್ದೆ. ಒಂದು ತಿಂದು, ಸಿಹಿ ಸಾಕು ಎಂದ. ಅಲ್ಲಿ ಹಸಿವೆಯಾಗದಿದ್ದರೂ ಚಾಕೊಲೇಟು, ಒಣಹಣ್ಣು ತಿಂದೇ ದಿನ ತಳ್ಳಿದ್ದನಂತೆ. ರಾತ್ರಿ ಮಲಗುವ ಮೊದಲು ಮನೆಯಲ್ಲಿ ಯಾರು ಯಾರು ಎಲ್ಲಿ ಮಲಗಿದ್ದಾರೆಂದು ಒಮ್ಮೆ ನೋಡಿಬರುತ್ತಿದ್ದ. ನಡುರಾತ್ರಿ ಎದ್ದು ತಂದೆಯ ಹಾಸಿಗೆಯ ಬಳಿ ನಿಂತು ಉಸಿರಾಟ ಕೇಳುತ್ತಿದ್ದುದನ್ನು ನಾನು ಎರಡು ಸಲ ಕಂಡೆ. ಆಗ ನನಗೆ ಹೆದರಿಕೆಯಾಗಿ ದೇವರಿಗೆ ಹರಕೆ ಹೊತ್ತೆ. ಕಾರಣ ಆಮೇಲೆ ತಿಳಿಯಿತು: ಅಷ್ಟು ಎತ್ತರದಲ್ಲಿ ಮಲಗಿದವನ ಶ್ವಾಸಕೋಶದಲ್ಲಿ ರಾತ್ರೋರಾತ್ರಿ ನೀರು ತುಂಬಬಹುದು, ಆದ್ದರಿಂದ ಒಬ್ಬರನ್ನೊಬ್ಬರು ಎಬ್ಬಿಸಿ ನೋಡುವುದು ಅಲ್ಲಿ ಅವರ ದಿನದ ಕೆಲಸ. ಆ ಕೆಲಸ ಮನೆಗೆ ಬಂದ ಮೇಲೂ ಅವನನ್ನು ಬಿಟ್ಟಿರಲಿಲ್ಲ.

ನಾನು ಮಾಡಿದ ತಪ್ಪೆಂದರೆ ಮೊದಲ ವಾರ ಅವನನ್ನು ಪ್ರಶ್ನೆ ಕೇಳಿ ಕೇಳಿ ಬೇಸರಪಡಿಸಿದ್ದು. ಎರಡನೆಯ ವಾರ ಅವನ ತಂದೆ ನನ್ನನ್ನು ತಡೆದರು. ಮೂರನೆಯ ವಾರ ಹಿತ್ತಲಿನಲ್ಲಿ ಬದನೆ ಗಿಡಗಳಿಗೆ ನೀರು ಬಿಡುತ್ತಿದ್ದಾಗ, ನಾನು ಏನೂ ಕೇಳದೆಯೇ, ಕೈಯಲ್ಲಿ ಸಲಿಕೆ ಹಿಡಿದುಕೊಂಡು ನೆಲ ನೋಡುತ್ತ ಅವನು ಹೇಳತೊಡಗಿದ. ಜೊತೆಗಾರನೊಬ್ಬನ ಕಾಲ್ಬೆರಳುಗಳು ಹಿಮಕ್ಕೆ ಕಪ್ಪಾದುದನ್ನು ಹೇಳಿದ. ಫೆಬ್ರುವರಿಯ ಆ ದಿನಗಳಲ್ಲಿ ರೇಡಿಯೊ ಸೆಟ್ಟಿನಲ್ಲಿ ಒಂದೊಂದೇ ಸುದ್ದಿ ಬರುತ್ತಿದ್ದಾಗ ಅವರೆಲ್ಲ ಸುತ್ತ ಕುಳಿತು ಕೇಳುತ್ತಿದ್ದುದನ್ನು ಹೇಳಿದ. ಮಡಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಇಬ್ಬರೂ ಅದನ್ನು ತಿರುಗಿಸಲಿಲ್ಲ. ನಾನು ನಡುವೆ ಮಾತನಾಡಲಿಲ್ಲ, ಅಳಲೂ ಇಲ್ಲ.

ನಿಮ್ಮ ಮಗನಿಗೂ ಕೈಗೆ ಒಂದು ಕೆಲಸ ಸಿಗುವಂತೆ ಮಾಡಿ. ಎದುರೆದುರು ಕೂತು ಕೇಳಿದರೆ ಬಾರದ ಮಾತು ಜೊತೆಯಲ್ಲಿ ಕೆಲಸ ಮಾಡುವಾಗ ಬರುತ್ತದೆ. ನೆಂಟರ ಮನೆಗಳಿಗೆ ಒತ್ತಾಯ ಬೇಡ. ಅಲ್ಲಿ ಅವನನ್ನು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಅವನ ಜೊತೆಗಾರರು ಯಾರಾದರೂ ಹತ್ತಿರದ ಊರಿನಲ್ಲಿ ರಜೆಯಲ್ಲಿದ್ದರೆ ಊಟಕ್ಕೆ ಕರೆಯಿರಿ, ಅವರಿಬ್ಬರನ್ನೇ ಬಿಟ್ಟುಬಿಡಿ. ಕೆಲವು ದಿನ ಮೌನವಾಗಿದ್ದಾನೆಂದು ಗಾಬರಿ ಬೇಡ. ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಕುಡಿತ ಹೆಚ್ಚಾಗಿದೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಾಯಲ್ಲಿ ಬಂತು ಎಂದಾದರೆ ತಡಮಾಡಬೇಡಿ. ಮೇಲೆ ಹೇಳಿದ 14416ರಲ್ಲಿ ಸೇನೆಯವರಿಗೂ ಅವರ ಕುಟುಂಬದವರಿಗೂ ಮೀಸಲಾದ ವಿಭಾಗವೊಂದು 2023ರ ಡಿಸೆಂಬರಿನಿಂದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಿದೆ. ಅವನು ಕರೆಮಾಡದಿದ್ದರೆ ನೀವು ಮಾಡಿ.

ನಿಲ್ದಾಣಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ಅವನನ್ನೇ ಕೇಳಿ, ಅವನು ಹೇಳಿದಂತೆ ಮಾಡಿ. ನನ್ನ ಮಗ ಬೇಡವೆನ್ನುತ್ತಿದ್ದ. ಅವನ ತಂದೆ ಬಸ್ಸಿನವರೆಗೆ ಚೀಲ ಹಿಡಿದುಕೊಂಡು ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಓಣಿಯ ತಿರುವಿನಲ್ಲಿ ಅವನು ಒಮ್ಮೆ ಹಿಂದಿರುಗಿ ನೋಡುವವರೆಗೆ ಕಾಯುತ್ತಿದ್ದೆ. ಹದಿನೇಳು ವರ್ಷದಲ್ಲಿ ಅವನು ನೋಡದೆ ಹೋದದ್ದು ಒಮ್ಮೆ ಮಾತ್ರ. ಅವತ್ತು ಹುಬ್ಬಳ್ಳಿ ತಲುಪಿದ ಕೂಡಲೇ ಅವನೇ ಫೋನು ಮಾಡಿ, ಮರೆತೆ ಎಂದ.